ಎಣಿಸಿಲ್ಲ ಎನ್ನಲು ಒಂದು ಜಾಗ

ಇವತ್ತು ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ನೆನೆಹಾಕಿದ್ದ ಅವರೆಕಾಳಿನ ನೀರು ಬದಲಾಯಿಸಿದೆ. ಅತ್ತೆಯ ಮಾತ್ರೆ ಡಬ್ಬಿಗೆ ವಾರದ ಮಾತ್ರೆ ತುಂಬಿದೆ. ಯಜಮಾನರ ಸ್ವೆಟರಿನ ಮೊಣಕೈ ಹೊಲಿದೆ. ಗ್ಯಾಸ್ ಬುಕ್ ಮಾಡಿದೆ. ಕರಿಬೇವಿನ ಗಿಡಕ್ಕೆ ಹುಳಿ ಮಜ್ಜಿಗೆ ಹಾಕಿದೆ. ದೊಡ್ಡಬಳ್ಳಾಪುರದಿಂದ ಬಸ್ಸು ಹಿಡಿದು ದೇವನಹಳ್ಳಿಗೆ ಹೋಗಿ, ನಮ್ಮ ಗ್ರಂಥಾಲಯಗಳು ಪುಸ್ತಕ ಬಳಕೆಯ ಲೆಕ್ಕವನ್ನು ಪರಸ್ಪರ ಕಳಿಸಿಕೊಳ್ಳಲು ಯಾವ ಎಕ್ಸ್‌ಎಂಎಲ್ ಸ್ಕೀಮಾ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಕೂತು, ಗೆದ್ದು ಬಂದೆ. ಬರುವಾಗ ದಂಟಿನ ಸೊಪ್ಪು ತಂದೆ.

ಗೆದ್ದು ಬಂದೆ ಎಂದು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಸೋತಿದ್ದರೆ ರಾಜಘಟ್ಟದಿಂದಾಚೆಯ ಒಂದು ಸಣ್ಣ ಹಳ್ಳಿಯ ಓದುವ ಕೋಣೆಗೆ ಈ ತಿಂಗಳ ಕೊನೆಗೆ ಬೀಗ ಬೀಳುತ್ತಿತ್ತು. ಅದರ ಕುರ್ಚಿ, ಬೀರು, ಪತ್ರಿಕೆ ಎಲ್ಲವೂ ನಾನಿರುವ ದೊಡ್ಡಬಳ್ಳಾಪುರದ ಗ್ರಂಥಾಲಯಕ್ಕೆ ಬರುತ್ತಿದ್ದವು. ನನಗೆ ಕುರ್ಚಿ ಸಾಲದೆ ಇರುವುದು ನಿಜ. ಹಾಗೆ ಬರುವ ಕುರ್ಚಿ ಮಾತ್ರ ಬೇಡವಾಗಿತ್ತು.

ನಮ್ಮದು ಒಂದು ಟ್ರಸ್ಟು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂದು ನಾಲ್ಕು ಊರಿನಲ್ಲಿ ಗ್ರಂಥಾಲಯಗಳಿವೆ, ಅವುಗಳ ಕೆಳಗೆ ಹಳ್ಳಿಗಳಲ್ಲಿ ಓದುವ ಕೋಣೆಗಳಿವೆ. ಎಷ್ಟು ಪುಸ್ತಕ ಮನೆಗೆ ಹೋಯಿತು, ಎಷ್ಟನ್ನು ಅಲ್ಲೇ ಕೂತು ಓದಿದರು, ಎಷ್ಟು ಇ-ಪುಸ್ತಕ ತೆರೆದರು ಎಂಬ ಲೆಕ್ಕವನ್ನು ತಿಂಗಳಿಗೊಮ್ಮೆ ಒಬ್ಬರಿಗೊಬ್ಬರು ಕಳಿಸಬೇಕು. ಆದರೆ ಒಂದೊಂದು ಊರಿನಲ್ಲಿ ಒಂದೊಂದು ಸಾಫ್ಟ್‌ವೇರ್. ಒಬ್ಬರು ಕಳಿಸಿದ್ದು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ತೆರೆದರೂ ನೆಲಮಂಗಲದ ಇ-ಪುಸ್ತಕಗಳು ಬಂದು ನಮ್ಮ ವಾರಪತ್ರಿಕೆಗಳ ಕಾಲಮ್ಮಿನಲ್ಲಿ ಆರಾಮಾಗಿ ಕೂತಿರುತ್ತಿದ್ದವು.

ಅದಕ್ಕೇ ಎಕ್ಸ್‌ಎಂಎಲ್ ಬಂತು. ಪ್ರತಿ ಸಂಖ್ಯೆಯ ಹಿಂದೆ ಮುಂದೆ ಅದರ ಹೆಸರಿನ ಚೀಟಿ ಅಂಟಿಸಿ ಕಳಿಸುವ ವಿಧಾನ ಅದು. ಯಾವ ಯಾವ ಚೀಟಿ ಇರಬೇಕು, ಯಾವುದು ಯಾವುದರ ಒಳಗೆ ಬರಬೇಕು, ಯಾವುದನ್ನು ಬಿಡುವಂತಿಲ್ಲ ಎಂದು ಹೇಳುವ ಕಟ್ಟಳೆಯೇ ಸ್ಕೀಮಾ. ನನಗದು ಮನಸ್ಸಿಗೆ ಹತ್ತಿದ್ದು ಮದುವೆ ಕಾರ್ಡಿನಿಂದ. ನಾದಿನಿಯ ಮಗಳ ಮದುವೆಗೆ ಕಾರ್ಡು ಮಾಡಿಸಲು ಹೋದಾಗ ಪ್ರೆಸ್ಸಿನವರು, ಮುಹೂರ್ತದ ಜಾಗ ಖಾಲಿಯಿದ್ದರೆ ಅಚ್ಚಿಗೇ ಹಾಕುವುದಿಲ್ಲ ಎಂದಿದ್ದರು. ಸುಖಾಗಮನ ಬಯಸುವವರ ಜಾಗ ಖಾಲಿಯಿದ್ದರೆ ಪ್ರೆಸ್ಸಿಗೆ ಏನೂ ಆಗುವುದಿಲ್ಲ, ನೆಂಟರು ಮುನಿಸಿಕೊಳ್ಳುತ್ತಾರೆ ಅಷ್ಟೆ. ಇರಲೇಬೇಕಾದ್ದು ಯಾವುದು, ಇದ್ದರೆ ಇರಲಿ ಎನ್ನುವಂಥದ್ದು ಯಾವುದು ಎಂದು ತಿಳಿದರೆ ಸ್ಕೀಮಾದ ಅರ್ಧ ಸಂಸಾರ ತಿಳಿದ ಹಾಗೆ.

ನಮ್ಮ ಮುಂದೆ ಎರಡು ಸ್ಕೀಮಾ ಇದ್ದವು. ಒಂದನ್ನು ಟ್ರಸ್ಟಿನ ಕಂಪ್ಯೂಟರು ನೋಡಿಕೊಳ್ಳುವ ಎಂಜಿನಿಯರೇ ಬರೆದಿದ್ದರು. ಪುಟ್ಟದು, ಒಂದೇ ಪುಟ. ಇನ್ನೊಂದು, ಬೇರೆ ಬೇರೆ ದೇಶದ ಗ್ರಂಥಾಲಯದವರು ಸೇರಿ ಬರೆದು ಯಾರು ಬೇಕಾದರೂ ಬಳಸಿ ಎಂದು ಬಿಟ್ಟದ್ದು. ಅದನ್ನು ಮುದ್ರಿಸಲು ಹೋದರೆ ಪ್ರಿಂಟರಿನ ಹಾಳೆ ಮುಗಿಯುತ್ತದೆ. ನಾವು ಅವುಗಳನ್ನು ಚಿಕ್ಕದು, ದೊಡ್ಡದು ಎಂದೇ ಕರೆಯುತ್ತಿದ್ದೆವು. ಎಲ್ಲರ ಮನಸ್ಸೂ ಚಿಕ್ಕದರ ಕಡೆಗಿತ್ತು. ನನ್ನದೂ ಅತ್ತಲೇ ಇತ್ತು, ಕಳೆದ ತಿಂಗಳು ಚಿಕ್ಕದರಲ್ಲಿ ಒಂದು ಪರೀಕ್ಷೆ ನಡೆಯುವ ತನಕ.

ಆ ಪರೀಕ್ಷೆಯಲ್ಲಿ ಎಲ್ಲ ಕೋಣೆಗಳ ಲೆಕ್ಕ ಮೊದಲ ಸಲ ಒಂದೇ ಪರದೆಯ ಮೇಲೆ ಸಾಲಾಗಿ ಬಂತು. ರಾಜಘಟ್ಟದಾಚೆಯ ಕೋಣೆಯ ಸಾಲಿನಲ್ಲಿ, ಅಲ್ಲೇ ಕೂತು ಓದಿದ ಪುಸ್ತಕಗಳು: ಸೊನ್ನೆ.

ಟ್ರಸ್ಟಿನ ಕಾರ್ಯದರ್ಶಿಗಳು ಫೋನು ಮಾಡಿದರು. ಅವರು ಬೂದಿಗೆರೆ ಕಡೆಯ ಜಮೀನುದಾರರು. ಬೆಳಿಗ್ಗೆ ತೋಟ, ಮಧ್ಯಾಹ್ನದ ಮೇಲೆ ಟ್ರಸ್ಟು.

"ಏನಮ್ಮ, ಆ ಕೋಣೇಲಿ ಜನ ಓದ್ತಾರಾ, ಇಲ್ಲಾ ಆಕಳಿಸಿ ಎದ್ದೋಗ್ತಾರಾ? ಒಂದು ಪುಸ್ತಕಾನೂ ಮುಟ್ಟಿಲ್ವಲ್ಲ! ಮುಚ್ಚಿ, ಸಾಮಾನೆಲ್ಲ ನಿಮ್ಮಲ್ಲಿಗೆ ತರಿಸ್ಕೊಳಿ. ಸಭೇಲಿ ಸ್ಕೀಮಾ ಒಪ್ಕೊಂಡ ದಿನಾನೇ ಅದನ್ನೂ ತೀರ್ಮಾನ ಮಾಡ್ಬಿಡಣ."

"ನಾನೊಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ ಸಾರ್" ಎಂದೆ.

ಆ ಕೋಣೆ ನೋಡಿಕೊಳ್ಳುವವರು ನನಗಿಂತ ದೊಡ್ಡವರು. ದೊಡ್ಡಬಳ್ಳಾಪುರದ ಪೇಟೆಯಲ್ಲಿ ಮನೆ. ಮನೆಮಾತು ದಖನಿ ಉರ್ದು, ನಮ್ಮೊಂದಿಗೆ ಕನ್ನಡ. ನಾನವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತೇನೆ, ಅವರು ನನ್ನನ್ನು ಮೇಡಮ್ಮ ಎನ್ನುತ್ತಾರೆ. ಅಲ್ಲಿಗೆ ಹೋದಾಗ ಮಗ್ಗದ ಶಿಫ್ಟು ಬಿಡುವ ಹೊತ್ತು. ಬಾಗಿಲಲ್ಲಿ ಚಪ್ಪಲಿ ದಾಟಿ ಒಳಗೆ ಹೋಗುವುದೇ ಕಷ್ಟವಾಯಿತು. ಮಗ್ಗದ ಹೆಂಗಸರು ಗೋಡೆಗೊರಗಿ ವಾರಪತ್ರಿಕೆ ಹಿಡಿದಿದ್ದರು. ಕಸೂತಿ ಪುಸ್ತಕದ ಒಂದು ಪುಟಕ್ಕೆ ಮೂವರ ತಲೆ ಬಗ್ಗಿತ್ತು. ಪರೀಕ್ಷೆ ಓದುವ ಹುಡುಗಿಯರು ಕಿಟಕಿ ಪಕ್ಕದ ಜಾಗಕ್ಕೆ ಜಗಳವಾಡುತ್ತಿದ್ದರು. ಇದು ಸೊನ್ನೆಯ ಕೋಣೆಯಲ್ಲ ಎಂದು ಹೇಳಲು ಯಾವ ವಿದ್ಯೆಯೂ ಬೇಕಾಗಿರಲಿಲ್ಲ.

ಮುಚ್ಚುವ ಹೊತ್ತಿನವರೆಗೂ ಕೂತೆ. ಆಗ ತಿಳಿಯಿತು. ಅಲ್ಲೇ ಓದಿದ ಪುಸ್ತಕವನ್ನು ಎಣಿಸಲು ಗ್ರಂಥಾಲಯಗಳಲ್ಲಿ ಒಂದು ಹಳೆಯ ಕ್ರಮವಿದೆ: ಓದಿದವರು ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಬೇಕು. ಬಾಗಿಲು ಹಾಕುವ ಮುಂಚೆ ಮೇಜಿನ ಮೇಲಿರುವುದನ್ನು ಎಣಿಸಿ, ಆಮೇಲೆ ನಾವೇ ಕಪಾಟಿಗೆ ಜೋಡಿಸುತ್ತೇವೆ. 'ಓದಿದ ಪುಸ್ತಕ ಮೇಜಿನ ಮೇಲೆಯೇ ಇರಲಿ' ಎಂಬ ಬೋರ್ಡು ಆ ಕೋಣೆಯಲ್ಲೂ ಇತ್ತು. ಅದರ ಕೆಳಗೆ ಒಬ್ಬೊಬ್ಬರೂ ಪುಸ್ತಕವನ್ನು ಮುಚ್ಚಿ, ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ತೆಗೆದ ಜಾಗದಲ್ಲೇ ಇಟ್ಟು ಹೋಗುತ್ತಿದ್ದರು. ಕೊನೆಗೆ ಮೇಜು ತೊಳೆದಿಟ್ಟ ಹಾಗಿತ್ತು. ಎಣಿಸಲು ಏನೂ ಉಳಿದಿರಲಿಲ್ಲ.

ಒಬ್ಬ ಅಜ್ಜಿ, ಮಗ್ಗದಲ್ಲಿ ದುಡಿದು ಈಗ ಬಿಟ್ಟವರು, ಅಡುಗೆ ಪುಸ್ತಕವನ್ನು ಕಪಾಟಿನಲ್ಲಿಡುತ್ತಿದ್ದರು. ನಾನು ಬೋರ್ಡು ತೋರಿಸಿದೆ.

"ಓದ್ಬಿಟ್ಟು ಎಂಜಲು ತಟ್ಟೆ ಥರ ಅಲ್ಲೇ ಬಿಟ್ಟೋಗಾದಾ?" ಎಂದರು ಅಜ್ಜಿ. "ನಿಮ್ಮನೇಲಿ ಹಂಗೇ ಮಾಡ್ತೀರೇನವ್ವ?"

"ಹೇಳಿ ಹೇಳಿ ಸಾಕಾಗೋಗೈತೆ ಮೇಡಮ್ಮ" ಎಂದರು ಆಪಾ. "ನಾನೇನೋ ಮರ್ಯಾದೆಗೆ ಹಂಗಂತೀನಿ ಅಂದ್ಕೊಂಡವ್ರೆ. 'ಪಾಪ, ನೀವೊಬ್ರೇ ಎಷ್ಟು ಎತ್ತಿಡ್ತೀರಾ' ಅಂತ ನಂಗೇ ಸಮಾಧಾನ ಮಾಡ್ತಾರೆ."

"ಹಾಗಂತ ಸೊನ್ನೆ ಯಾಕೆ ಕಳಿಸಿದ್ರಿ ಆಪಾ?"

ಆಪಾ ಸೊಂಟಕ್ಕೆ ಕೈಕೊಟ್ಟು ನಿಂತರು. "ಯಾ ಅಲ್ಲಾ! ನಾನೆಲ್ಲಿ ಸೊನ್ನೆ ಕಳಿಸ್ದೆ? ಖಾಲಿ ಬಿಟ್ಟಿದ್ದೆ. ಎಣಿಸ್ದೇನೇ ಸುಳ್ಳು ನಂಬರ್ ಹಾಕಕ್ಕಾಗ್ತದಾ?"

ಅಲ್ಲಿಂದಲೇ ಎಂಜಿನಿಯರಿಗೆ ಫೋನು ಮಾಡಿದೆ. ಅವರು ಒಳ್ಳೆಯವರು, ಏನನ್ನೂ ಮುಚ್ಚಿಡುವವರಲ್ಲ. "ಹೌದು ಮೇಡಂ, ಚಿಕ್ಕದರಲ್ಲಿ ಆ ಜಾಗಕ್ಕೆ ನಂಬರ್ ಇರಲೇಬೇಕು. ಖಾಲಿ ಇದ್ರೆ ಫೈಲೇ ಪಾಸಾಗಲ್ಲ. ಅದಕ್ಕೆ ಖಾಲಿ ಬಂದ ಕಡೆ ಸೊನ್ನೆ ಹಾಕೋ ಹಾಗೆ ಬರ್ದಿದ್ದೆ" ಎಂದರು. "ಕಂಪ್ಯೂಟರಿಗೆ ಅದು ಸರಿ ಮೇಡಂ" ಎಂದು ತಾವೇ ಸೇರಿಸಿದರು. "ಕೋಣೆಗೆ ಸರಿಯಲ್ಲ, ಅಲ್ವಾ?"

"ದೊಡ್ಡದರಲ್ಲಿ ಏನಿದೆ?"

"ನೋಡಿ ಹೇಳ್ತೀನಿ."

ಮಾರನೇ ದಿನವೇ ಹೇಳಿದರು. ದೊಡ್ಡ ಸ್ಕೀಮಾದಲ್ಲಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಹೇಗೆ ಪಡೆದಿರಿ ಎಂದು ಹೇಳುವ ಜಾಗವೊಂದಿತ್ತು: ಪೂರ್ತಿ ಎಣಿಸಿದ್ದು, ಮಾದರಿ ವಾರದಲ್ಲಿ ಎಣಿಸಿದ್ದು, ಎಣಿಸಿಲ್ಲ. ಎಣಿಸಿಲ್ಲ ಎಂದರೆ ಸಂಖ್ಯೆಯ ಜಾಗ ಖಾಲಿಯಿದ್ದರೂ ಫೈಲು ಪಾಸು. ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಖುಷಿಯಲ್ಲಿ ಒಗ್ಗರಣೆ ಸೀದುಹೋಯಿತು. ಎಲ್ಲೋ ಯಾವುದೋ ದೇಶದಲ್ಲಿ ಕೂತವರು, ನಮ್ಮ ಆಪಾ ಥರದ ಒಬ್ಬರು ಎಣಿಸದೆ ಸುಳ್ಳು ಬರೆಯಲು ಒಪ್ಪುವುದಿಲ್ಲ ಎಂದು ಮೊದಲೇ ಯೋಚಿಸಿ ಜಾಗ ಬಿಟ್ಟಿದ್ದರಲ್ಲ!

ಆದರೆ ಎಣಿಸಿಲ್ಲ ಎಂದು ಹೇಳಿದರಷ್ಟೇ ಕೋಣೆ ಉಳಿಯದು. ಎಣಿಸಿಯೂ ತೋರಿಸಬೇಕು. ಒಂದೇ ಒಂದು ವಾರ ಎಣಿಸಿ ಉಳಿದದ್ದನ್ನು ಅದರಿಂದ ಅಂದಾಜು ಮಾಡುವ ಮಾದರಿ ವಾರ ಎಂಬ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಜನ ಪುಸ್ತಕವನ್ನು ಮೇಜಿನ ಮೇಲೆ ಬಿಡುವುದಿಲ್ಲ, ಬಿಡಿ ಎಂದು ಬಲವಂತ ಮಾಡುವುದು ನನಗೂ ಇಷ್ಟವಿರಲಿಲ್ಲ. ಆ ಸಂಜೆ ಅತ್ತೆ ಪಡಸಾಲೆಯಲ್ಲಿ ಪಕ್ಕದ ಮನೆಯವರ ಜೊತೆ ಅಳಗುಳಿಮಣೆ ಆಡುತ್ತಿದ್ದರು. ಗುಳಿಯಿಂದ ಗುಳಿಗೆ ಹುಣಸೆಬೀಜ ಬೀಳುವ ಟಪಟಪ ಸದ್ದು. ನಾನು ಹೋಗಿ ಅವರ ಮುಂದೆ ಕೂತೆ.

"ಅತ್ತೆ, ನಿಮ್ಮ ಬೀಜದ ಡಬ್ಬಿ ಒಂದು ವಾರದ ಮಟ್ಟಿಗೆ ಕೊಡ್ತೀರಾ?"

"ಯಾಕೆ, ಲೈಬ್ರರೀಲಿ ಕೂತು ಆಡಕ್ಕಾ?"

ವಿಷಯ ಹೇಳಿದೆ. ಬಣ್ಣ ಕಪ್ಪಾಗಿ ನುಣುಪಾದ ಬೀಜಗಳನ್ನು ತಮಗೆ ಇಟ್ಟುಕೊಂಡು ಉಳಿದದ್ದನ್ನು ಕೊಟ್ಟರು. "ವಾಪಸ್ ತರ್ಬೇಕು" ಎಂದು ಎರಡು ಸಲ ಹೇಳಿದರು.

ಏರ್ಪಾಟು ಇಷ್ಟೆ. ಕಪಾಟಿನ ಪಕ್ಕ ಒಂದು ಬಟ್ಟಲಲ್ಲಿ ಬೀಜ, ಅದರ ಪಕ್ಕ ಒಂದು ಖಾಲಿ ಡಬ್ಬಿ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ವಾಪಸ್ ಇಡುವಾಗ ಬಟ್ಟಲಿಂದ ಒಂದು ಬೀಜ ತೆಗೆದು ಡಬ್ಬಿಗೆ ಹಾಕುವುದು. ಇದನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲವಂತೆ. ಆಪಾ ದಿನವೂ ಫೋನು ಮಾಡಿ ವರದಿ ಕೊಡುತ್ತಿದ್ದರು. ಅಜ್ಜಿ ಒಂದು ಪುಸ್ತಕಕ್ಕೆ ಎರಡು ಬೀಜ ಹಾಕಿ ಸಿಕ್ಕಿಬಿದ್ದರಂತೆ. "ಆ ಪಾಕ ಎರಡು ಸಲ ಓದ್ಕೊಂಡೆ ಕಣಮ್ಮಿ" ಎಂದು ವಾದಿಸಿದರಂತೆ. ಆಪಾ ಕೈಹಾಕಿ ಒಂದು ಬೀಜ ವಾಪಸ್ ತೆಗೆದರಂತೆ. ವಾರ ಮುಗಿಯುವ ಮುಂಚೆಯೇ ಬಟ್ಟಲು ಬರಿದಾಗಿ, ಡಬ್ಬಿಯಿಂದಲೇ ಎಣಿಸಿ ತೆಗೆದು ಮತ್ತೆ ಬಟ್ಟಲಿಗೆ ಸುರಿಯಬೇಕಾಯಿತು. ನಾನು ಡಬ್ಬಿಯನ್ನು ಕಣ್ಣಾರೆ ನೋಡಲೆಂದೇ ಇನ್ನೊಮ್ಮೆ ಹೋಗಿಬಂದೆ.

ಹೀಗೆ ಇವತ್ತಿನ ಸಭೆ ಬಂತು.

ದೇವನಹಳ್ಳಿಯ ಗ್ರಂಥಾಲಯದ ಮಹಡಿಯಲ್ಲಿ ಸಭೆ. ಅಲ್ಲಿ ಮಾತು ತುಂಡು ತುಂಡಾಗಿಯೇ ನಡೆಯಬೇಕು. ವಿಮಾನ ಹೋಗುವಾಗ ಎಲ್ಲರೂ ಬಾಯಿ ಮುಚ್ಚಿ ಮೇಲೆ ನೋಡುತ್ತೇವೆ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಕಾರ್ಯದರ್ಶಿಗಳು ಯಾರ ತೋಟದಿಂದಲೋ ಚಕ್ಕೋತ ತರಿಸಿ ಬಿಡಿಸಿಟ್ಟಿದ್ದರು. ನೆಲಮಂಗಲದವರು ರಜೆಯಲ್ಲಿದ್ದರು, ಬಹುಮತ ಹೇಳಿದ ಹಾಗೆ ಎಂದು ಬರೆದು ಕಳಿಸಿದ್ದರು. ದೇವನಹಳ್ಳಿಯವರು ಕಾರ್ಯದರ್ಶಿಗಳ ಮುಖ ನೋಡಿ ಮಾತಾಡುವವರು. ಉಳಿದವರು ಹೊಸಕೋಟೆಯ ಗ್ರಂಥಪಾಲಕರು. ಅವರದು ದೊಡ್ಡ ದನಿ, ದೊಡ್ಡ ನಗೆ. ಇ-ಪುಸ್ತಕದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ ಎಂಬ ಹೆಮ್ಮೆ ಬೇರೆ.

"ಆ ದೊಡ್ಡದು ನಮಗ್ಯಾಕೆ ಗುರು?" ಎಂದರು ಅವರು ಎಂಜಿನಿಯರಿಗೆ. "ಇಬ್ಬರು ಊಟ ಮಾಡೋ ಮನೆಗೆ ಮದುವೆ ಮನೆ ಕೊಳದಪ್ಪಲೆ ತಂದಂಗಾಯ್ತು. ಚಿಕ್ಕದೇ ಸಾಕು, ಮುಗಿಸ್ರಿ."

ಎಂಜಿನಿಯರು ಪರದೆಯ ಮೇಲೆ ಎರಡನ್ನೂ ಅಕ್ಕಪಕ್ಕ ಹಾಕಿದರು. ದೊಡ್ಡದರಲ್ಲಿ ಬಹುಪಾಲು 'ಇದ್ದರೆ ಇರಲಿ' ಜಾತಿಯ ಜಾಗಗಳು, ನಮಗೆ ಬೇಡವಾದ್ದನ್ನು ಬಿಟ್ಟರೆ ಉಳಿಯುವುದು ಒಂದೇ ಪುಟ ಎಂದು ತೋರಿಸಿದರು. ಆಮೇಲೆ ನನ್ನ ಕಡೆ ನೋಡಿ, "ಮೇಡಂ, ಆ ಫೈಲ್ ಓಡಿಸ್ಲಾ?" ಎಂದರು.

ಓಡಿಸಿದರು. ಆಪಾ ಖಾಲಿ ಬಿಟ್ಟ ಲೆಕ್ಕ ಚಿಕ್ಕ ಸ್ಕೀಮಾಗೆ ಹೋಯಿತು: ಕೆಂಪು. ಖಾಲಿಯ ಜಾಗಕ್ಕೆ ಸೊನ್ನೆ ಹಾಕಿದರು: ಹಸಿರು. ಅದೇ ಖಾಲಿ ದೊಡ್ಡ ಸ್ಕೀಮಾಗೆ ಹೋಯಿತು, 'ಎಣಿಸಿಲ್ಲ' ಎಂಬ ಚೀಟಿಯೊಂದಿಗೆ: ಹಸಿರು.

"ಎರಡೂ ಹಸಿರೇ ಬಂತಲ್ಲಮ್ಮ" ಎಂದರು ಕಾರ್ಯದರ್ಶಿಗಳು. "ವ್ಯತ್ಯಾಸ ಏನು?"

ಇಲ್ಲಿಯೇ ನಾನು ತಡವರಿಸಿದೆ. ಮದುವೆ ಕಾರ್ಡಿನ ಮಾತು ಹೇಳೋಣವೆಂದುಕೊಂಡೆ, ಬಾಯಿಗೆ ಬರಲಿಲ್ಲ. ವಿಮಾನವೊಂದು ಬಂದು ನನ್ನನ್ನು ಕಾಪಾಡಿತು. ಅದು ಹೋಗುವಷ್ಟರಲ್ಲಿ ಧೈರ್ಯ ತಂದುಕೊಂಡು ಕೇಳಿದೆ: "ಸಾರ್, ಬೆಳೆ ಸಮೀಕ್ಷೆಯವರು ನಿಮ್ಮ ಹೊಲಕ್ಕೆ ಬರಲೇ ಇಲ್ಲ ಅಂದ್ಕೊಳಿ. ಅವರ ಫೋನಲ್ಲಿ ಖಾಲಿ ಬಿಡೋ ಹಾಗಿಲ್ಲ ಅಂತ 'ಬೆಳೆ ಇಲ್ಲ' ಅಂತ ಒತ್ತಿಬಿಟ್ರೆ?"

ಅವರು ಚಕ್ಕೋತದ ತೊಳೆಯನ್ನು ತಟ್ಟೆಗೆ ವಾಪಸ್ ಇಟ್ಟರು.

"ಒತ್ತಿದ್ರು ಕಣಮ್ಮ!" ಎಂದರು. "ನಮ್ಮ ಭಾವಮೈದುನನ ಹೊಲಕ್ಕೆ ಒತ್ತಿದ್ರು. ರಾಗಿ ಎದೆಮಟ್ಟ ನಿಂತೈತೆ, ಕಾಗದದಲ್ಲಿ ಬೀಳು! ತಿದ್ದಿಸಕ್ಕೆ ಅವನು ಅಲೆದಿದ್ದು ನಾನು ನೋಡಿವ್ನಿ." ಪರದೆಯ ಕಡೆ ತಿರುಗಿದರು. "ಅಂದ್ರೆ ಆ ಕೋಣೆಗೆ ನಾವೂ ಹಂಗೇ ಮಾಡಿದ್ವಾ?"

"ಹೂಂ ಸಾರ್."

"ಮತ್ತೆ ಬೆಳೆ ಎಷ್ಟೈತೆ? ನೋಡಿದ್ರಾ?"

ಆಗ ಮಾದರಿ ವಾರದ ಫೈಲು ಓಡಿತು. ಸಂಖ್ಯೆ, ಅದರ ಪಕ್ಕ 'ಮಾದರಿ ವಾರ' ಎಂಬ ಚೀಟಿ, ಎಣಿಸಿದ ವಿಧಾನ ಎಂಬಲ್ಲಿ ಎಂಜಿನಿಯರು ಕನ್ನಡದಲ್ಲೇ ಬರೆದಿದ್ದ ಒಂದು ಸಾಲು: ಕಪಾಟಿಗೆ ವಾಪಸ್ ಇಡುವಾಗ ಒಂದು ಹುಣಸೆಬೀಜ. ಹಸಿರು. ವಾರಕ್ಕೆ ವಾರ ಹೋಲಿಸಿದರೆ, ಅಲ್ಲೇ ಕೂತು ಓದುವುದರಲ್ಲಿ ಎಲ್ಲ ಹಳ್ಳಿಗಳ ಕೋಣೆಗಳಿಗಿಂತ ಅದೇ ಮೇಲೆ ಬಂದು ನಿಂತಿತ್ತು.

ಹೊಸಕೋಟೆಯವರು ಸುಮ್ಮನಿರುವರೇ? "ಒಬ್ರೇ ಹತ್ತು ಬೀಜ ಹಾಕಿದ್ರೆ?"

"ಒಬ್ರು ಎರಡು ಹಾಕಿದ್ರು" ಎಂದೆ. "ಆಪಾ ಒಂದು ವಾಪಸ್ ತೆಗೆದ್ರು. ನಿಮ್ಮಲ್ಲಿ ಒಂದೇ ಇ-ಪುಸ್ತಕಾನ ಒಬ್ರು ಎರಡು ಸಲ ಕ್ಲಿಕ್ ಮಾಡಿದ್ರೆ ಯಾರು ವಾಪಸ್ ತೆಗೀತಾರೆ ಸಾರ್?"

ಇದನ್ನು ನಾನು ಕುಹಕಕ್ಕೆ ಕೇಳಲಿಲ್ಲ. ದೊಡ್ಡ ಸ್ಕೀಮಾದ ಜೊತೆಗೆ ಬರುವ ನಿಯಮಗಳಲ್ಲಿ, ಬೆನ್ನುಬೆನ್ನಿಗೆ ಒತ್ತಿದ ಎರಡು ಕ್ಲಿಕ್ಕನ್ನು ಒಂದೇ ಎಂದು ಎಣಿಸಬೇಕೆಂದಿದೆ. ಚಿಕ್ಕದರಲ್ಲಿ ಆ ಮಾತೇ ಇಲ್ಲ. ಎಂಜಿನಿಯರು ಮೆಲ್ಲಗೆ ಕೆಮ್ಮಿದರು. ಕಾರ್ಯದರ್ಶಿಗಳು ಹೊಸಕೋಟೆಯವರ ಕಡೆ ತಿರುಗಿ, "ಓಹೋ, ಚಿಕ್ಕದರ ಮೇಲೆ ಪ್ರೀತಿ ಇದಕ್ಕೇನಪ್ಪಾ?" ಎಂದರು.

ಹೊಸಕೋಟೆಯವರ ಮುಖ ಕೆಂಪಗಾಯಿತು. ಆಮೇಲೆ ತಮ್ಮದೇ ದೊಡ್ಡ ನಗೆ ನಕ್ಕರು. ಆ ಮನುಷ್ಯನಲ್ಲಿ ನನಗೆ ಇಷ್ಟವಾಗುವುದು ಅದೇ. "ಆಯ್ತಪ್ಪ, ನನ್ನ ಜುಟ್ಟು ಕತ್ತರಿಸಿ ಆಪಾಗೆ ಚೌರಿ ಮಾಡ್ಸಿ. ನಂದೂ ದೊಡ್ಡದಕ್ಕೇ ಓಟು. ಆದ್ರೆ ಒಂದು, ಆ ಒಂದು ಪುಟ ನೀವೇ ಕನ್ನಡದಲ್ಲಿ ಬರ್ಕೊಡ್ಬೇಕು ಮೇಡಂ, ನಮ್ಮ ಹುಡುಗ್ರಿಗೆ ತಿಳಿಯೋ ಹಂಗೆ."

"ಬರ್ಕೊಡ್ತೀನಿ" ಎಂದೆ.

ದೇವನಹಳ್ಳಿಯವರು ಕಾರ್ಯದರ್ಶಿಗಳ ಮುಖ ನೋಡಿ ಕೈಯೆತ್ತಿದರು. ಮೂರು ಊರು ಸೇರಿದ್ದರಿಂದ ನೆಲಮಂಗಲವೂ ಸೇರಿದ ಹಾಗಾಯಿತು. ನಮ್ಮ ನಾಲ್ಕೂ ಗ್ರಂಥಾಲಯಗಳು ಇನ್ನು ದೊಡ್ಡ ಸ್ಕೀಮಾದಲ್ಲಿಯೇ ಲೆಕ್ಕ ಕಳಿಸುವುದು, ಮೇಜಿನ ಲೆಕ್ಕ ಸಿಗದ ಕೋಣೆಗಳಲ್ಲಿ ಋತುವಿಗೊಂದು ಮಾದರಿ ವಾರ ನಡೆಸುವುದು ಎಂದು ನಿರ್ಣಯವಾಯಿತು. ರಾಜಘಟ್ಟದಾಚೆಯ ಕೋಣೆಯ ವಿಷಯ ಬಂದಾಗ ಕಾರ್ಯದರ್ಶಿಗಳು ಇನ್ನೊಂದು ತೊಳೆ ಚಕ್ಕೋತ ಬಾಯಿಗೆ ಹಾಕಿಕೊಂಡು, "ಅದನ್ನೇನು ಮುಚ್ಚೋದು? ಅಲ್ಲಿಗೆ ಇನ್ನೂ ನಾಲ್ಕು ಕುರ್ಚಿ ಹಾಕ್ಸಿ. ಜನ ಗೋಡೆಗೊರಗಿ ಕೂತಿರ್ತಾರಂತೆ" ಎಂದರು. ನಾನು ತಟ್ಟೆಯ ಚಕ್ಕೋತಕ್ಕೆ ಕೈಹಾಕಿದೆ. ಅಲ್ಲಿಯವರೆಗೆ ಒಂದೂ ತಿಂದಿರಲಿಲ್ಲ. ಇಷ್ಟು ಸಿಹಿಯ ಚಕ್ಕೋತ ಈ ಕಾಲದಲ್ಲಿ ನಾನು ತಿಂದೇ ಇರಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಆಪಾಗೆ ಫೋನು ಮಾಡಿದೆ.

"ಆಪಾ, ಕೋಣೆ ಉಳೀತು. ಕುರ್ಚಿ ಬೇರೆ ಬರುತ್ತೆ."

ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, ಕೋಣೆಯೊಳಗೆ ತಿರುಗಿ ಜೋರಾಗಿ ಹೇಳಿದ್ದು ನನಗೂ ಕೇಳಿಸಿತು: "ಕೇಳ್ರಮ್ಮ, ಮುಚ್ಚಲ್ವಂತೆ!" ಹೆಂಗಸರ ದನಿಗಳು ಒಟ್ಟಿಗೆ ಎದ್ದವು. ಅದರ ನಡುವೆ ಅಜ್ಜಿಯ ದನಿ: "ಬೀಜ ಹಾಕೋದು ಬಿಡಂಗಿಲ್ಲ ತಾನೇ? ನಂಗದೇ ಇಷ್ಟ." ಸೊಪ್ಪಿನವಳು ದಂಟು ಹಿಡಿದು ನಿಂತಿದ್ದಳು. ನಾನು ಬೆಲೆಯನ್ನೂ ಕೇಳದೆ ಎರಡು ಕಟ್ಟು ತೆಗೆದುಕೊಂಡೆ.

ಮನೆಗೆ ಬಂದಾಗ ಯಜಮಾನರೂ ಅತ್ತೆಯೂ ಎದುರುಬದುರು ಕೂತು ನೆನೆದ ಅವರೆಕಾಳು ಹಿತುಕುತ್ತಿದ್ದರು. ಯಜಮಾನರ ಕಾಳುಗಳು ಹಾರಿ ಟೀವಿಯ ಕೆಳಗೆ ಹೋಗಿದ್ದವು. ನಾನೂ ಕೂತೆ.

"ಗೆದ್ಯೇನಮ್ಮ?" ಎಂದರು ಅತ್ತೆ.

"ಗೆದ್ದೆ ಅತ್ತೆ. ಎಣಿಸಿಲ್ಲ ಅನ್ನೋದಕ್ಕೆ ಒಂದು ಜಾಗ, ಏನೂ ಇಲ್ಲ ಅನ್ನೋದಕ್ಕೆ ಇನ್ನೊಂದು ಜಾಗ ಸಿಕ್ತು."

"ಇಷ್ಟು ಹೇಳಕ್ಕೆ ದೇವನಹಳ್ಳಿವರೆಗೂ ಹೋಗ್ಬೇಕಿತ್ತಾ?" ಎಂದರು. ಯಜಮಾನರು ನಕ್ಕು ಇನ್ನೊಂದು ಕಾಳು ಹಾರಿಸಿದರು. "ಇರ್ಲಿ. ನನ್ನ ಬೀಜ ಎಲ್ಲಿ?"

ಋತುವಿಗೊಂದು ವಾರ ಎಣಿಸುವುದೆಂದು ಆಗಿದೆ, ಬೀಜ ಅಲ್ಲೇ ಇರಬೇಕಾಗುತ್ತದೆ ಎಂದು ಮೆಲ್ಲಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಕಾಳನ್ನು ಹಿತುಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟರು.

"ಹಂಗಾದ್ರೆ ಒಳ್ಳೇ ಬೀಜಾನೇ ತಗೊಂಡೋಗು. ಅವು ಹುಳ ಹಿಡಿದಿದ್ವು" ಎಂದರು. ಎದ್ದು ಹೋಗಿ ತಮಗೆಂದು ಇಟ್ಟುಕೊಂಡಿದ್ದ ಕಪ್ಪು ನುಣುಪು ಬೀಜಗಳ ಗಂಟನ್ನು ತಂದು ನನ್ನ ಕೈಚೀಲದೊಳಗೆ ತಾವೇ ಹಾಕಿದರು.

ಊಟಕ್ಕೆ ರಾಗಿಮುದ್ದೆ, ಹಿತುಕಿದ ಅವರೆಬೇಳೆ ಸಾರು, ದಂಟಿನ ಸೊಪ್ಪಿನ ಪಲ್ಯ, ಮಜ್ಜಿಗೆ. ಯಜಮಾನರು ಸಾರನ್ನು ಎರಡು ಸಲ ಹಾಕಿಸಿಕೊಂಡರು, ಅತ್ತೆ ಮುದ್ದೆಯನ್ನು ಅರ್ಧ ಮುರಿದು ನನಗೆ ಹಾಕಿದರು. ದಿನವೂ ಹಾಲಿಗೆ ಹೆಪ್ಪು ಹಾಕಿ, ಬಾಗಿಲು ನೋಡಿ, ದೀಪ ಆರಿಸಿ ಕೊನೆಗೆ ಮಲಗುವವಳು ನಾನು. ಈಗ ಇದನ್ನು ಬರೆಯುತ್ತಿರುವಾಗ ಹೆಪ್ಪು ಹಾಕುತ್ತಿರುವವರು ಯಜಮಾನರು, ಅತ್ತೆ ಇನ್ನೂ ಟೀವಿ ಮುಂದೆ ಕೂತಿದ್ದಾರೆ. ಇವತ್ತು ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಲಗುತ್ತಿರುವವಳು ನಾನೇ.